ಕರಿ ಗಾಜಿನ ಹಿಂದಿನ ಕಣ್ಣು: ಹೊಸಪೇಟೆ ಸೀಮೆಯ ಬೆಸುಗೆಯ ಕಥೆ

ಹೊಸಪೇಟೆ ಅಂದ ತಕ್ಷಣ ನಮ್ಮ ಬ್ಲಾಗುಗಳಲ್ಲಿ ಬರೋದು ಹಂಪಿಯ ಫೋಟೋಗಳು. ಕಲ್ಲಿನ ರಥ, ವಿರೂಪಾಕ್ಷನ ಗೋಪುರ, ಮಾತಂಗ ಬೆಟ್ಟದ ಮೇಲಿನ ಸೂರ್ಯೋದಯ... ಇವುಗಳ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ, ಚೆನ್ನಾಗಿಯೇ ಬರೆದಿದ್ದಾರೆ. ಇವತ್ತು ನಾನು ಆ ಕಡೆ ಹೋಗೋದಿಲ್ಲ. ಅದೇ ಸೀಮೆಯ ಇನ್ನೊಂದು ಚರಿತ್ರೆ ಹೇಳ್ತೀನಿ. ಇದು ಕಲ್ಲಿನದ್ದಲ್ಲ, ಕಬ್ಬಿಣದ್ದು. ಅದರಲ್ಲೂ ಕಬ್ಬಿಣಕ್ಕೆ ಕಬ್ಬಿಣ ಬೆಸೆಯುವವರ ಕಣ್ಣಿನದ್ದು.

ಈಗ ವೆಲ್ಡಿಂಗ್ ಅಂಗಡಿಗಳಿಗೆ ತಾನಾಗಿಯೇ ಕಪ್ಪಾಗುವ ಗಾಜಿನ ಹೆಲ್ಮೆಟ್ ಬಂದಿದೆ. ಬಾಯಿಮಾತಿನಲ್ಲಿ ಹೇಳೋದಾದರೆ 'ಆಟೋ ಹೆಲ್ಮೆಟ್'. ಅದು ಕೆಟ್ಟರೆ ರಿಪೇರಿ ಮಾಡಿಸೋದಾ, ಹೊಸದು ತರೋದಾ, ಇಲ್ಲಾ ಮೂಲೆಗೆಸೆದು ಹಳೇ ಕರಿ ಗಾಜಿಗೇ ವಾಪಸ್ ಹೋಗೋದಾ? ಕೇಳೋಕೆ ಸಣ್ಣ ಪ್ರಶ್ನೆ. ಆದರೆ ಉತ್ತರ ಹುಡುಕೋಕೆ ಸ್ವಲ್ಪ ಹಿಂದಿನಿಂದ ಬರಬೇಕು. ತಾಳ್ಮೆಯಿಂದ ಓದಿ.

ಕಮಲಾಪುರದ ಕೊಪ್ಪರಿಗೆಗಳು

'ಬೆಸುಗೆ' ಅನ್ನೋ ಪದ ವೆಲ್ಡಿಂಗ್ ಮಶೀನು ಬರೋದಕ್ಕಿಂತ ಎಷ್ಟೋ ಹಳೆಯದು. ಕಮ್ಮಾರ ಎರಡು ಕಬ್ಬಿಣದ ತುಂಡುಗಳನ್ನು ಕುಲುಮೆಯಲ್ಲಿ ಬೆಳ್ಳಗಾಗುವವರೆಗೆ ಕಾಯಿಸಿ, ಒಂದರ ಮೇಲೊಂದಿಟ್ಟು ಸುತ್ತಿಗೆಯಿಂದ ಬಡಿದರೆ ಎರಡೂ ಒಂದಾಗುತ್ತವೆ. ಅದೇ ಬೆಸುಗೆ. ಮನಸ್ಸು ಮನಸ್ಸು ಸೇರೋದಕ್ಕೂ ನಾವು ಅದೇ ಮಾತು ಬಳಸ್ತೀವಿ.

ಈ ಸೀಮೆಗೆ ಕಬ್ಬಿಣ ಹೊಸದಲ್ಲ. 1904ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಬರೆದ ಬಳ್ಳಾರಿ ಜಿಲ್ಲೆಯ ಗೆಜೆಟಿಯರಿನಲ್ಲಿ ಹಂಪಿ ಪಕ್ಕದ ಕಮಲಾಪುರದ ಒಂದು ಕಸುಬಿನ ಮಾತು ಬರುತ್ತದೆ. ಕಬ್ಬಿನ ಹಾಲು ಕುದಿಸೋಕೆ ಬೇಕಾದ ದೊಡ್ಡ ದೊಡ್ಡ ಕಬ್ಬಿಣದ ಕೊಪ್ಪರಿಗೆಗಳನ್ನು ಅಲ್ಲಿ ಮಾಡುತ್ತಿದ್ದರು. ಸಂಡೂರು ಬೆಟ್ಟಸಾಲು ಹೊಸಪೇಟೆ ಕಡೆ ಮುಗಿಯುವಲ್ಲಿ ಜಂಬುನಾಥನ ಬೆಟ್ಟ ಇದೆಯಲ್ಲ, ಅದಕ್ಕೆ ಬೇಕಾದ ಕಬ್ಬಿಣ ಹಿಂದೆ ಬರುತ್ತಿದ್ದದ್ದು ಆ ಕಡೆಯಿಂದ. ಆಮೇಲೆ ಇಂಗ್ಲೆಂಡಿನ ಅಗ್ಗದ ಕಬ್ಬಿಣ ಬಂದು ಊರ ಕಬ್ಬಿಣವನ್ನು ಹೊರದಬ್ಬಿತು. ಅಗ್ಗದ ಹೊರಗಿನ ಮಾಲು ಬಂದು ಊರ ಕಸುಬು ಮಗುಚಿಕೊಳ್ಳೋದು ನಮ್ಮ ಕಾಲದಲ್ಲೇ ಶುರುವಾದದ್ದೇನೂ ಅಲ್ಲ ನೋಡಿ.

ಆ ಕಮ್ಮಾರರು ಕುಲುಮೆಯನ್ನು ಬರಿಗಣ್ಣಿನಿಂದ ನೋಡುತ್ತಿದ್ದರು. ಅದು ಕೆಲಸದ ಅಗತ್ಯವೂ ಹೌದು. ಕೆಂಪು, ಕಿತ್ತಳೆ, ಹಳದಿ, ಬಿಳಿ ಅಂತ ಬಣ್ಣ ನೋಡಿಯೇ ಕಾವು ಅಳೆಯಬೇಕಿತ್ತು. ಆ ಬೆಂಕಿಯಿಂದ ಕಣ್ಣಿಗೆ ತೊಂದರೆ ಇಲ್ಲ ಅಂತಲ್ಲ. ವರ್ಷಗಟ್ಟಲೆ ಕುಲುಮೆಯ ಶಾಖ ತಿಂದ ಕಣ್ಣಿಗೆ ಪೊರೆ ಬರುವ ಸಾಧ್ಯತೆ ಹೆಚ್ಚು. ಆದರೆ ಅದು ನಿಧಾನದ ಪೆಟ್ಟು. ಒಂದು ಮಧ್ಯಾಹ್ನದಲ್ಲಿ ಕಣ್ಣು ಸುಡುವ ಬೆಳಕು ಬಂದದ್ದು ವಿದ್ಯುತ್ತಿನ ಜೊತೆಗೆ.

ಸೂರ್ಯನ ತುಂಡು

ಎರಡು ಇದ್ದಿಲ ಕಡ್ಡಿಗಳ ನಡುವೆ ವಿದ್ಯುತ್ ಹಾರಿಸಿದರೆ ಕಣ್ಣು ಕೋರೈಸುವ ಬೆಳಕು ಬರುತ್ತದೆ ಅಂತ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ತೋರಿಸಿದ. 1858ರಲ್ಲಿ ಫ್ರಾನ್ಸಿನ ವೈದ್ಯ ಶಾರ್ಕೊ, ಇಂಥ ಬೆಳಕಿನ ಪ್ರಯೋಗ ಮಾಡಿದವರ ಚರ್ಮ ಕೆಂಪಾಗಿ ಕಣ್ಣು ಉರಿದದ್ದನ್ನು ಬರೆದಿಟ್ಟ. ಅಂದರೆ ವೆಲ್ಡಿಂಗ್ ಅನ್ನೋದು ಕಸುಬಾಗುವ ಮೊದಲೇ ಅದರ ಕಾಯಿಲೆ ಗೊತ್ತಾಗಿತ್ತು! 1880ರ ದಶಕದಲ್ಲಿ ರಷ್ಯಾದ ಬೆನಾರ್ಡೋಸ್ ಆ ಬೆಳಕಿನ ಕಾವಿನಿಂದ ಲೋಹ ಬೆಸೆಯುವ ಪೇಟೆಂಟ್ ಪಡೆದ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಸ್ವೀಡನ್ನಿನ ಆಸ್ಕರ್ ಶೆಲ್‌ಬೆರ್ಗ್ ಮೇಲೆ ಲೇಪ ಇರುವ ರಾಡ್ ತಂದ. ಇವತ್ತಿಗೂ ನಮ್ಮ ಗ್ರಿಲ್ ಅಂಗಡಿಗಳಲ್ಲಿ ಸುಡುವ ರಾಡು ಅದರ ವಂಶದ್ದೇ.

ಈ ಬೆಳಕಿನಲ್ಲಿ ಮೂರು ಪಾಲು ಇದೆ. ಕಣ್ಣಿಗೆ ಕಾಣುವ ಝಳಪು ಒಂದು. ಕಾಣದ ಶಾಖದ ಕಿರಣ ಇನ್ನೊಂದು. ಮೂರನೆಯದು ಕಾಣದ ನೇರಳಾತೀತ ಕಿರಣ. ನಿಜವಾದ ಕಿಡಿಗೇಡಿ ಈ ಮೂರನೆಯದೇ. ಅದು ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನು ಸುಡುತ್ತದೆ, ಆದರೆ ಆ ಹೊತ್ತಿಗೆ ಏನೂ ಗೊತ್ತಾಗೋದಿಲ್ಲ. ಆರೇಳು ಗಂಟೆ ಕಳೆದ ಮೇಲೆ, ಸಾಮಾನ್ಯವಾಗಿ ರಾತ್ರಿ ಮಲಗಿದ ಹೊತ್ತಿಗೆ, ಕಣ್ಣಿಗೆ ಮರಳು ತುಂಬಿದ ಹಾಗೆ ಚುಚ್ಚು ನೋವು, ಧಾರಾಕಾರ ನೀರು. ವೆಲ್ಡಿಂಗ್ ಮಾಡುವವರ ಮನೆಯಲ್ಲಿ ಇದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಸೌತೆಕಾಯಿ ಹೋಳು, ಆಲೂಗಡ್ಡೆ ಹೋಳು, ಎಳೆ ಮಗುವಿನ ತಾಯಿಯ ಎದೆಹಾಲಿನ ಹನಿ ಅಂತ ಮನೆಮದ್ದುಗಳು ಎಲ್ಲ ಊರಲ್ಲೂ ಇವೆ. ತಂಪಿನ ಪಟ್ಟಿ ಕಣ್ಣು ಮುಚ್ಚಿ ಮೇಲಿಟ್ಟರೆ ಹಿತ ಅನ್ನಿಸಬಹುದು, ಆದರೆ ಕಣ್ಣಿನೊಳಕ್ಕೆ ಹಾಲು ಬಿಡೋದು ಸೋಂಕಿಗೆ ದಾರಿ. ಇನ್ನೂ ಕೆಟ್ಟದ್ದು, ಮರಗಟ್ಟಿಸುವ ಡ್ರಾಪ್ಸ್ ಅನ್ನು ಮೆಡಿಕಲ್ ಶಾಪಿನಿಂದ ತಂದು ಮತ್ತೆ ಮತ್ತೆ ಹಾಕಿಕೊಳ್ಳೋದು. ನೋವೇನೋ ನಿಲ್ಲುತ್ತದೆ, ಗಾಯ ಮಾಯೋದೂ ನಿಲ್ಲುತ್ತದೆ. ಒಂದು ಸಲದ ಪೆಟ್ಟು ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ ನಿಜ. ಆದರೆ ಇಪ್ಪತ್ತು ವರ್ಷ ವಾರಕ್ಕೊಮ್ಮೆ ಪೆಟ್ಟು ತಿಂದರೆ?

ತಡೆಯ ಗಾಜಿನ ಕಥೆ ಇಲ್ಲಿಂದ ಶುರು. ಲಂಡನ್ನಿನ ರಾಯಲ್ ಸೊಸೈಟಿ ಗಾಜಿನ ಕಾರ್ಖಾನೆಯವರ ಕಣ್ಣಿನ ಪೊರೆಯ ಬಗ್ಗೆ ಒಂದು ಸಮಿತಿ ಮಾಡಿತ್ತು. ಅದಕ್ಕಾಗಿ ವಿಲಿಯಂ ಕ್ರುಕ್ಸ್ ನೂರಾರು ಬಗೆಯ ಗಾಜು ಕರಗಿಸಿ ಪರೀಕ್ಷೆ ಮಾಡಿ, ಕಾಣದ ಕಿರಣಗಳನ್ನು ತಡೆಯುವ ಗಾಜಿನ ವಿವರವನ್ನು 1914ರಲ್ಲಿ ಪ್ರಕಟಿಸಿದ. ಒಂದು ಮುಖ್ಯ ಪಾಠ ಅಲ್ಲಿಂದಲೇ ಬಂತು: ಗಾಜು ಕಪ್ಪಗಿರೋದು ಬೇರೆ, ಕಿರಣ ತಡೆಯೋದು ಬೇರೆ. ರಸ್ತೆ ಬದಿ ಕೊಂಡ ಕೂಲಿಂಗ್ ಗ್ಲಾಸ್ ಹಾಕಿಕೊಂಡು ವೆಲ್ಡಿಂಗ್ ಮಾಡುವವರಿಗೆ ನೂರು ವರ್ಷದ ಹಳೆಯ ಈ ಪಾಠ ಇನ್ನೂ ತಲುಪಿಲ್ಲ.

ಡ್ಯಾಮು, ಟಿಎಸ್‌ಪಿ ಮತ್ತು ಒಂದು ಕಾನೂನು

ಈಗ ಹೊಸಪೇಟೆಗೆ ವಾಪಸ್ ಬರೋಣ. 1945ರ ಫೆಬ್ರವರಿಯಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ಈ ದಡದಲ್ಲಿ ಮದ್ರಾಸ್ ಸರಕಾರ, ಆ ದಡದಲ್ಲಿ ಹೈದರಾಬಾದಿನ ನಿಜಾಮ. ಸಿಮೆಂಟಿಗಿಂತ ಹೆಚ್ಚಾಗಿ ಸುಣ್ಣ-ಸುರ್ಕಿ ಗಾರೆಯಿಂದ ಕಟ್ಟಿದ ಕಲ್ಲಿನ ಅಣೆಕಟ್ಟು. 1953ರಲ್ಲಿ ನೀರು ಬಿಡುವ ಹೊತ್ತಿಗೆ ಅದರ ನೆತ್ತಿಯ ಮೇಲೆ 33 ಕಬ್ಬಿಣದ ಗೇಟುಗಳು. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ.

ಈ ಅಣೆಕಟ್ಟಿನ ಕೆಲಸಕ್ಕಾಗಿ 1947ರಲ್ಲಿ ಶುರುವಾದ ವರ್ಕ್‌ಶಾಪು 1960ರಲ್ಲಿ 'ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್' ಅನ್ನೋ ಸರಕಾರಿ ಕಂಪನಿಯಾಯಿತು. ಊರವರ ಬಾಯಲ್ಲಿ ಟಿಎಸ್‌ಪಿ. ದೇಶದ ಎಷ್ಟೋ ಅಣೆಕಟ್ಟುಗಳ ಗೇಟು, ದೊಡ್ಡ ಕೊಳವೆ, ಎತ್ತುವ ಯಂತ್ರಗಳು ಇಲ್ಲಿಂದ ಹೋದವು. ಅಣೆಕಟ್ಟಿನ ಗೇಟು ಅಂದರೆ ಅರ್ಧ ಕೆಲಸ ಬೆಸುಗೆಯೇ. ಬೆಸುಗೆಯಲ್ಲಿ ಒಂದು ಸೀಳು ಉಳಿದರೂ ನೀರು ಅದನ್ನು ಹುಡುಕಿಕೊಂಡು ಬರುತ್ತದೆ.

ಇದೇ ಕಾಲದಲ್ಲಿ 1948ರ ಕಾರ್ಖಾನೆ ಕಾಯಿದೆಯೂ ಬಂತು. ಅದರ 35ನೇ ಸೆಕ್ಷನ್ನು ಪೂರ್ತಿ ಕಣ್ಣಿನದ್ದೇ. ಹಾರುವ ಚೂರು ಅಥವಾ ಅತಿಯಾದ ಬೆಳಕಿನಿಂದ ಕಣ್ಣಿಗೆ ಅಪಾಯ ಇರುವ ಕೆಲಸದಲ್ಲಿ ಕೆಲಸಗಾರನಿಗೂ, ಅವನ ಹತ್ತಿರದಲ್ಲೇ ಇರುವವನಿಗೂ ತಕ್ಕ ಕನ್ನಡಕ ಅಥವಾ ಮರೆ ಒದಗಿಸಬೇಕು ಅಂತ. 'ಹತ್ತಿರದಲ್ಲಿ ಇರುವವನು' ಅನ್ನೋದನ್ನು ಗಮನಿಸಿ. ಕಬ್ಬಿಣ ಹಿಡಿದುಕೊಂಡು ನಿಂತ ಹೆಲ್ಪರ್ ಹುಡುಗನಿಗೂ ಅದು ಅನ್ವಯ. ವೆಲ್ಡಿಂಗಿನ ಮುಖ-ಕಣ್ಣು ರಕ್ಷಣೆಯ ಸಾಧನ ಹೇಗಿರಬೇಕು ಅಂತ ಭಾರತೀಯ ಮಾನಕ ಸಂಸ್ಥೆಯ ಐಎಸ್ 1179 ಕೂಡ ಬಂತು.

ಆದರೆ ಕಾಯಿದೆ ಅನ್ವಯಿಸೋಕೆ ಒಂದು ಲೆಕ್ಕ ಇತ್ತು: ವಿದ್ಯುತ್ ಬಳಸುವ ಜಾಗವಾದರೆ 10 ಜನ ಕೆಲಸಗಾರರಾದರೂ ಇರಬೇಕು. ಟಿಎಸ್‌ಪಿ ಅಂಥ ದೊಡ್ಡ ಕಾರ್ಖಾನೆ ಅದರೊಳಗೆ. ಒಬ್ಬ ಮಾಲೀಕ, ಒಬ್ಬ ವೆಲ್ಡರ್, ಇಬ್ಬರು ಹುಡುಗರು ಇರುವ ರಸ್ತೆ ಬದಿ ಅಂಗಡಿ ಅದರ ಹೊರಗೆ. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾದಾಗ ಕಾರ್ಖಾನೆ ಅನ್ನಿಸಿಕೊಳ್ಳೋಕೆ ಬೇಕಾದ ಆ 10, 20 ಆಯಿತು. ಚಿಕ್ಕ ಅಂಗಡಿಯವನು ಇನ್ನೂ ಸ್ವಲ್ಪ ದೂರ ಸರಿದ.

ಅತ್ತ ಟಿಎಸ್‌ಪಿ ವರ್ಷಗಟ್ಟಲೆ ನಷ್ಟದಲ್ಲಿ ಕುಂಟಿ, 2015ರ ಕೊನೆಯಲ್ಲಿ ಮುಚ್ಚುವ ತೀರ್ಮಾನಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಕಂಪನಿ ಮುಚ್ಚಿದರೆ ಕೆಲಸ ಮಾತ್ರ ಹೋಗೋದಿಲ್ಲ. ಹಿರಿಯ ವೆಲ್ಡರ್ ಪಕ್ಕ ನಿಂತು 'ಶೀಲ್ಡ್ ಇಲ್ಲದೆ ರಾಡ್ ಮುಟ್ಟಬೇಡ' ಅಂತ ಗದರಿಸಿಕೊಂಡು ಕಲಿಯುವ ಜಾಗವೂ ಹೋಗುತ್ತದೆ.

ಅಷ್ಟರಲ್ಲಾಗಲೇ ಬೆಸುಗೆ ರಸ್ತೆಗೆ ಬಂದಾಗಿತ್ತು. 2000ದ ದಶಕದಲ್ಲಿ ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲ ನೆನಪಿದೆಯಲ್ಲ? ಸಂಡೂರಿನಿಂದ ಸಾಲುಗಟ್ಟಿದ ಕೆಂಪು ಧೂಳಿನ ಲಾರಿಗಳು. ಅಷ್ಟು ಲಾರಿ ಅಂದರೆ ಅಷ್ಟು ಒಡೆದ ಡಾಲಾ, ಸೀಳಿದ ಚಾಸಿ, ತುಂಡಾದ ಕೊಂಡಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಈ ಅಂಗಡಿಗಳ ಕೆಲಸಕ್ಕೂ ಹೊಡೆತ ಬಿತ್ತು. ಕಂಪ್ಲಿ ಕಡೆಯದ್ದು ಬೇರೆ ಲೆಕ್ಕ. ಅಲ್ಲಿ ಕಾಲುವೆ ನೀರು, ಭತ್ತದ ಗದ್ದೆ. ಕೆಸರಿಗೆ ಇಳಿಸುವ ಟ್ರ್ಯಾಕ್ಟರಿನ ಕಬ್ಬಿಣದ ಚಕ್ರ, ಟ್ರೇಲರು, ಹಂಗಾಮಿಗೆ ಮುಂಚೆ ಎಲ್ಲವೂ ವೆಲ್ಡಿಂಗ್ ಅಂಗಡಿ ಮುಂದೆ.

ಕೈಗಳು ಎರಡೇ

ಇಲ್ಲಿ ಕೇಳಲೇಬೇಕಾದ ಪ್ರಶ್ನೆ: ಕರಿ ಗಾಜಿನ ಶೀಲ್ಡ್ ಅಂಗಡಿಯಲ್ಲೇ ನೇತಾಡುತ್ತಿರುತ್ತದೆ, ಆದರೂ ಯಾಕೆ ಕಣ್ಣು ಸುಟ್ಟುಕೊಳ್ತಾರೆ? 'ಅಜ್ಞಾನ' ಅಂತ ಹೇಳಿ ಮುಗಿಸೋದು ಸುಲಭ. ಅದು ಪೂರ್ತಿ ನಿಜ ಅಲ್ಲ.

ಉದ್ದದ ಬೆಸುಗೆ ಎಳೆಯುವಾಗ ಎಲ್ಲರೂ ಗಾಜು ಹಿಡೀತಾರೆ. ತೊಂದರೆ ಇರೋದು ಟ್ಯಾಕ್ ಹೊಡೆಯುವಾಗ. ಗ್ರಿಲ್ಲಿನ ಒಂದು ಸರಳನ್ನು ಎಡಗೈಯಲ್ಲಿ ನೇರ ಹಿಡಿದುಕೊಂಡು ಬಲಗೈಯಲ್ಲಿ ರಾಡ್ ಮುಟ್ಟಿಸಬೇಕು. ಶೀಲ್ಡ್ ಹಿಡಿಯೋಕೆ ಮೂರನೇ ಕೈ ಎಲ್ಲಿದೆ? ತಲೆಗೆ ಹಾಕುವ ಹೆಲ್ಮೆಟ್ ಇದ್ದರೂ ಕರಿ ಗಾಜಿನಲ್ಲಿ ಬೆಳಕು ಹೊತ್ತುವವರೆಗೆ ಏನೂ ಕಾಣೋದಿಲ್ಲ. ಕುತ್ತಿಗೆ ಒದರಿ ಮುಚ್ಚಳ ಬೀಳಿಸುವಷ್ಟರಲ್ಲಿ ಕೈ ಅಲುಗಿ ಸರಳು ಓರೆಯಾಗಿರುತ್ತದೆ. ಅದಕ್ಕೇ ಮುಖ ಆ ಕಡೆ ತಿರುಗಿಸಿ, ಕಣ್ಣು ಮುಚ್ಚಿ, 'ಚಟ್' ಅಂತ ಒಂದು ಟ್ಯಾಕ್. ದಿನಕ್ಕೆ ಇಂಥವು ನೂರಾರು. ಕಣ್ಣು ಮುಚ್ಚೋದು ಒಂದು ಕ್ಷಣ ತಡವಾದರೂ ಬೆಳಕು ಒಳಗೆ ಹೋಗಿಯೇ ಬಿಟ್ಟಿರುತ್ತದೆ.

ಅಂದರೆ ಕೊರತೆ ಇದ್ದದ್ದು ಗಾಜಿನ ಕಪ್ಪಿನಲ್ಲಲ್ಲ. ಬೆಳಕು ಹೊತ್ತುವ ಮೊದಲು ಕಾಣಿಸುವ, ಹೊತ್ತಿದ ಕೂಡಲೇ ಕಪ್ಪಾಗುವ ಗಾಜು ಬೇಕಿತ್ತು. ಸ್ವೀಡನ್ನಿನ ಓಕೆ ಹೋರ್ನೆಲ್ ಕಂಡುಹಿಡಿದದ್ದು ಇದನ್ನೇ. ಅವರ ಕಂಪನಿಯ 'ಸ್ಪೀಡ್‌ಗ್ಲಾಸ್' 1981ರಲ್ಲಿ ಮಾರುಕಟ್ಟೆಗೆ ಬಂತು. 2004ರಲ್ಲಿ ಆ ಕಂಪನಿಯನ್ನು ತ್ರೀಎಂ ಕೊಂಡುಕೊಂಡಿತು.

ಕೆಲಸ ಮಾಡೋ ರೀತಿ ಕ್ಯಾಲ್ಕುಲೇಟರಿನ ಪರದೆಯದ್ದೇ. ಬೆಳಕನ್ನು ಒಂದು ದಿಕ್ಕಿನಲ್ಲಿ ಮಾತ್ರ ಬಿಡುವ ಎರಡು ಹಾಳೆಗಳ ನಡುವೆ ದ್ರವ ಹರಳಿನ ತೆಳು ಪದರ. ಮುಂದೆ ಇರುವ ಸೆನ್ಸರ್ ಬೆಳಕು ಹೊತ್ತಿದ್ದನ್ನು ಗುರುತಿಸಿದ ಕೂಡಲೇ ಪದರಕ್ಕೆ ವಿದ್ಯುತ್ ಹಾಯುತ್ತದೆ, ಹರಳಿನ ಕಣಗಳು ತಿರುಗಿ ನಿಲ್ಲುತ್ತವೆ, ಗಾಜು ಕಪ್ಪಾಗುತ್ತದೆ. ಒಳ್ಳೆಯ ಹೆಲ್ಮೆಟ್ಟಿನಲ್ಲಿ ಇದಕ್ಕೆ ಹಿಡಿಯೋದು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ.

ಅಂದ ಹಾಗೆ, ದ್ರವ ಹರಳಿನ ವಿದ್ಯೆಗೂ ಕರ್ನಾಟಕಕ್ಕೂ ನಂಟಿದೆ. ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದು, ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಎಸ್. ಚಂದ್ರಶೇಖರ್ 1977ರಲ್ಲಿ ತಮ್ಮ ಸಹೋದ್ಯೋಗಿಗಳ ಜೊತೆ ಬಿಲ್ಲೆಯಾಕಾರದ ಅಣುಗಳ ದ್ರವ ಹರಳನ್ನು ಕಂಡುಹಿಡಿದರು. ಅದುವರೆಗೆ ಕಡ್ಡಿಯಾಕಾರದ ಅಣುಗಳಿಂದ ಮಾತ್ರ ದ್ರವ ಹರಳಾಗುತ್ತದೆ ಅಂದುಕೊಂಡಿದ್ದರು. ಹೆಲ್ಮೆಟ್ಟಿನಲ್ಲಿ ಇರೋದು ಕಡ್ಡಿಯಾಕಾರದ್ದೇ. ಆದರೂ ಈ ವಿಷಯದಲ್ಲಿ ಜಗತ್ತಿಗೇ ಪಾಠ ಹೇಳಿದ ಊರು ಹೊಸಪೇಟೆಯಿಂದ ಒಂದು ರಾತ್ರಿಯ ಬಸ್ ಪ್ರಯಾಣದ ದೂರದಲ್ಲಿದೆ ಅನ್ನೋದನ್ನು ಹೇಳದೆ ಇರೋಕಾಗಲಿಲ್ಲ :)

ರಿಪೇರಿಯಾ, ಹೊಸದಾ?

ಒಂದು ಕಾಲಕ್ಕೆ ಇಂಥ ಹೆಲ್ಮೆಟ್ ದೊಡ್ಡ ಕಾರ್ಖಾನೆಗಳ ಸೊತ್ತು. ಈಗ ಚೀನಾದ್ದು ಸಾವಿರ ಚಿಲ್ಲರೆಗೂ ಸಿಗುತ್ತದೆ. ಒಂದು ದಿನ ಅದು ಕಪ್ಪಾಗೋದು ನಿಲ್ಲಿಸುತ್ತದೆ. ಆಗ ಏನು ಮಾಡಬೇಕು? ಭಾಗ ಭಾಗವಾಗಿ ನೋಡೋಣ.

ಮೊದಲು ಗುಂಡಿ ನೋಡಿ. ಬಹಳ ಹೆಲ್ಮೆಟ್ಟುಗಳಲ್ಲಿ 'ಗ್ರೈಂಡ್' ಅಂತ ಒಂದು ಸ್ಥಾನ ಇರುತ್ತದೆ. ಅದರಲ್ಲಿಟ್ಟರೆ ಗಾಜು ಕಪ್ಪಾಗೋದೇ ಇಲ್ಲ. ಸೆನ್ಸಿಟಿವಿಟಿ ತೀರಾ ಕಡಿಮೆ ಇಟ್ಟಿದ್ದರೂ ಅದೇ ಕಥೆ. ಆಮೇಲೆ ಸೆನ್ಸರಿನ ಕಣ್ಣುಗಳ ಮೇಲೆ ಕೂತ ಧೂಳು, ಕಿಡಿಯ ಕಲೆ ಒರೆಸಿ. ಹೊರಗಿನ ಪ್ಲಾಸ್ಟಿಕ್ ಗಾಜು ಮಬ್ಬಾಗಿದ್ದರೆ ಬದಲಿಸಿ. ಅದು ಇರೋದೇ ಬದಲಿಸೋಕೆ, ಬೆಲೆಯೂ ಕಡಿಮೆ. ತಲೆಪಟ್ಟಿ ಮುರಿದಿದ್ದರೆ ಅದೂ ಬೇರೆ ಸಿಗುತ್ತದೆ.

ಮುಂದಿನದು ಬ್ಯಾಟರಿ. ಸೋಲಾರ್ ಪಟ್ಟಿ ಇದ್ದರೂ ಹೆಚ್ಚಿನವುಗಳ ಒಳಗೆ ನಾಣ್ಯದಂಥ ಲಿಥಿಯಂ ಸೆಲ್ ಇರುತ್ತದೆ. ತೆಗೆದು ಹಾಕುವ ಹಾಗಿದ್ದರೆ ಎರಡು ನಿಮಿಷದ ಕೆಲಸ. ಅಗ್ಗದವುಗಳಲ್ಲಿ ಸೆಲ್ಲನ್ನು ಒಳಗೆ ಬೆಸುಗೆ ಹಾಕಿ ಮುಚ್ಚಿರುತ್ತಾರೆ. ಕೈ ಚೆನ್ನಾಗಿರುವ ಮೊಬೈಲ್ ರಿಪೇರಿಯವನು ಅದನ್ನೂ ಬದಲಿಸಬಲ್ಲ. ಬಿಚ್ಚುವಾಗ ಗಾಜಿಗೆ ಪೆಟ್ಟಾಗಬಾರದು, ಅಷ್ಟೇ.

ರಿಪೇರಿ ಇಲ್ಲದ್ದು ಗಾಜಿನ ಕಾರ್ಟ್ರಿಜ್ಜು. ಅದರಲ್ಲಿ ಬಿರುಕು, ಮಸಿ ಚೆಲ್ಲಿದಂಥ ಕಲೆ, ಒಂದು ಮೂಲೆ ಕಪ್ಪಾಗದೆ ಉಳಿಯೋದು, ಬೆಸುಗೆ ನಡೆಯುತ್ತಿರುವಾಗಲೇ ಮಿಣಮಿಣ ಅನ್ನೋದು ಕಂಡರೆ (ಸೆನ್ಸರಿಗೆ ಏನೂ ಅಡ್ಡ ಬಂದಿಲ್ಲ, ಸೆಲ್ ಹೊಸದು ಅಂತ ಖಾತ್ರಿಯಾದ ಮೇಲೆ) ಮುಗಿಯಿತು. ಒಳ್ಳೆಯ ಕಂಪನಿಯದ್ದಾದರೆ ಕಾರ್ಟ್ರಿಜ್ಜು ಮಾತ್ರ ಬದಲಿಸಬಹುದು, ಅಗ್ಗದ್ದಾದರೆ ಹೆಲ್ಮೆಟ್ಟೇ ಹೊಸದು. ಹೊಸದು ಬಂದ ಮೇಲೆ ಬಿಸಿಲಲ್ಲಿ, ಲಾರಿಯ ಡ್ಯಾಶ್‌ಬೋರ್ಡಿನ ಮೇಲೆ ಬಿಡಬೇಡಿ. ದ್ರವ ಹರಳಿಗೆ ನಮ್ಮ ಬಳ್ಳಾರಿ ಸೀಮೆಯ ಬೇಸಿಗೆ ಆಗಿಬರೋದಿಲ್ಲ.

ಗೊತ್ತಿರಬೇಕಾದ ಇನ್ನೊಂದು ಮಾತು: ಸರಿಯಾದ ಹೆಲ್ಮೆಟ್ಟಿನಲ್ಲಿ ನೇರಳಾತೀತ ಮತ್ತು ಶಾಖದ ಕಿರಣ ತಡೆಯುವ ಪದರ ಬೇರೆಯೇ ಇರುತ್ತದೆ. ಗಾಜು ಕಪ್ಪಾಗಲಿ ಬಿಡಲಿ, ಬ್ಯಾಟರಿ ಇರಲಿ ಇಲ್ಲದಿರಲಿ, ಅದು ತಡೆಯುತ್ತಲೇ ಇರುತ್ತದೆ. ಹಾಗಾಗಿ ಕಪ್ಪಾಗೋದು ತಪ್ಪಿದರೆ ಕಣ್ಣಿಗೆ ಝಳಪು ಹೊಡೆಯುತ್ತದೆ, ಆದರೆ ರಾತ್ರಿಯ ಆ ಮರಳಿನ ನೋವು ಬರಬಾರದು. ಬಂತೋ, ಆ ಹೆಲ್ಮೆಟ್ಟಿನಲ್ಲಿ ತಡೆಯ ಪದರವೇ ಸರಿ ಇಲ್ಲ, ಇಲ್ಲವೇ ಪಕ್ಕದಿಂದ ಬೆಳಕು ನುಗ್ಗುತ್ತಿದೆ, ಇಲ್ಲವೇ ಹೆಲ್ಮೆಟ್ ಎತ್ತಿಟ್ಟು ಟ್ಯಾಕ್ ಹೊಡೆದಿದ್ದಾರೆ ಅಂತ ಅರ್ಥ. ಪರೀಕ್ಷೆಗೆಂದು ಮೊದಲ ಸಲವೇ ರಾಡ್ ಹೊತ್ತಿಸಬೇಡಿ. ಸೆನ್ಸರನ್ನು ಸೂರ್ಯನ ಕಡೆ ತಿರುಗಿಸಿ ಗಾಜು ಕಪ್ಪಾಗುತ್ತದಾ ನೋಡಿ. ಗಾಜಿನ ಮೂಲಕ ನೀವು ಸೂರ್ಯನನ್ನು ನೋಡೋದು ಮಾತ್ರ ಬೇಡ.

ಹತ್ತೊಂಬತ್ತನೇ ಗೇಟು

2024ರ ಆಗಸ್ಟ್ 10ರ ರಾತ್ರಿ ಟಿ.ಬಿ. ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ನದಿಗೆ ಹೋಯಿತು. ತುಂಬಿದ ಅಣೆಕಟ್ಟು, ಕೆಳಗೆ ಮೂರು ರಾಜ್ಯದ ರೈತರ ನೀರು. ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಅಡ್ಡ ತಡೆಹಲಗೆಗಳನ್ನು ಒಂದರ ಮೇಲೊಂದು ಇಳಿಸುವ ಯೋಜನೆ ಆಯಿತು. ಆ ಊರಿನಲ್ಲಿ ಹುಟ್ಟಿದ್ದ ಗೇಟು ಕಂಪನಿ ಅಷ್ಟರಲ್ಲಿ ಇತಿಹಾಸ ಸೇರಿತ್ತು. ಹಲಗೆಗಳು ತಯಾರಾದದ್ದು ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯಲ್ಲಿ ಮತ್ತು ಹೊಸಪೇಟೆಯ ಖಾಸಗಿ ವರ್ಕ್‌ಶಾಪುಗಳಲ್ಲಿ. 16ರಂದು ಮೊದಲ ಹಲಗೆ ಇಳಿಯಿತು, 17ಕ್ಕೆ ನೀರು ನಿಂತಿತು. ಟಿವಿಯವರು ಮಂತ್ರಿಗಳನ್ನು ತೋರಿಸಿದರು, ಎಂಜಿನಿಯರುಗಳನ್ನು ತೋರಿಸಿದರು. 60 ಅಡಿಯ ಆ ಹಲಗೆಗಳನ್ನು ಬೆಸೆದವರ ಮುಖ ಹೆಚ್ಚು ಜನ ನೋಡಲಿಲ್ಲ. ಆಮೇಲೆ ಎಲ್ಲ 33 ಗೇಟುಗಳನ್ನೂ ಬದಲಿಸೋದು ಅಂತ ತೀರ್ಮಾನವಾಯಿತು.

ಆ ಗೇಟಿಗೂ ಈ ಹೆಲ್ಮೆಟ್ಟಿಗೂ ಒಂದೇ ಗುಣ. ಎರಡೂ ತಡೆಯುವ ವಸ್ತುಗಳು. ತಡೆಯುವ ವಸ್ತು ಕೆಲಸ ಮಾಡುತ್ತಿರುವಷ್ಟು ಕಾಲ ಏನೂ ಆಗೋದಿಲ್ಲ, ಹಾಗಾಗಿ ಅದು ಇದೆ ಅನ್ನೋದೇ ಮರೆತುಹೋಗುತ್ತದೆ. 70 ವರ್ಷ ತಡೆದ ಗೇಟಿನ ಚೈನನ್ನು ನಾವು ನೆನೆಸಿಕೊಂಡದ್ದು ಅದು ತುಂಡಾದ ಮೇಲೆ. ಗೇಟು ಹೋದರೆ ಹಲಗೆ ಇಳಿಸಬಹುದು, ಮುಂದಿನ ಮಳೆಗೆ ಮತ್ತೆ ನೀರು ತುಂಬುತ್ತದೆ. ಕಣ್ಣಿಗೆ ಅಂಥ ಹಲಗೆ ಇಲ್ಲ.

ಆದ್ದರಿಂದ ನನ್ನ ಲೆಕ್ಕ ಇಷ್ಟು. ಸೆಲ್, ಹೊರಗಾಜು, ತಲೆಪಟ್ಟಿ ಕೆಟ್ಟರೆ ರಿಪೇರಿ. ಕಾರ್ಟ್ರಿಜ್ಜು ಕೆಟ್ಟರೆ ಹೊಸದು, ಅವತ್ತೇ. 'ಹೇಗೋ ನಡೀತದೆ' ಅನ್ನೋದು ಮಾತ್ರ ಬೇಡ. ನಿಮ್ಮ ಮನೆಯ ಗೇಟು, ಕಿಟಕಿಯ ಗ್ರಿಲ್ ಮಾಡಿಸುವಾಗ ರೇಟಿನಲ್ಲಿ ಐನೂರು ರೂಪಾಯಿ ಇಳಿಸೋಕೆ ಚೌಕಾಸಿ ಮಾಡ್ತೀರಲ್ಲ, ಮುಂದಿನ ಸಲ ಅದರ ಜೊತೆಗೆ 'ಹೆಲ್ಮೆಟ್ ಸರಿ ಇದೆಯಾ ಅಣ್ಣಾ, ಆ ಹುಡುಗನಿಗೂ ಒಂದು ಇದೆಯಾ?' ಅಂತಲೂ ಕೇಳಿ. ಕಾನೂನಿನ ಲೆಕ್ಕಕ್ಕೆ ಬಾರದ ಅಂಗಡಿಯಲ್ಲಿ ಹಾಗೆ ಕೇಳೋಕೆ ಗಿರಾಕಿ ಬಿಟ್ಟರೆ ಬೇರೆ ಯಾರೂ ಇಲ್ಲ.

ನಿಮ್ಮೂರಿನಲ್ಲಿ ಹೇಗಿದೆ, ಬರೆಯಿರಿ.